ಗೇಟಿನವನ ಬಲಗೈ

ಹಿತ್ತಲಿನ ರೈಲು ಆ ದಿನವೂ ಅಲ್ಲಿಯೇ ನಿಂತಿತು.

ಕರಿಬೇವಿನ ಗಿಡದ ಬುಡದಿಂದ ಹೊರಟಿತ್ತು. ಒಗೆಯುವ ಕಲ್ಲನ್ನು ಬಳಸಿ, ಪುದೀನದ ಗದ್ದೆಯ ಬದಿಗೆ ಓಡಿ, ಗೇಣುದ್ದದ ಗೇಟಿನ ಮುಂದೆ ಯಾವ ತಂಟೆಯೂ ಇಲ್ಲದೆ ಹಾದುಹೋಯಿತು. ಕೊನೆಯ ಡಬ್ಬಿ ಗೇಟು ದಾಟಿತೋ ಇಲ್ಲವೋ, ಎಂಜಿನ್ನು ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು. ಇಮ್ಯಾನುಯೆಲ್ ಗಡಿಯಾರ ನೋಡಲಿಲ್ಲ. ನೋಡಿದರೆ ನಾಲ್ಕು ಗಂಟೆ ಹತ್ತು ನಿಮಿಷ ಆಗಿರುತ್ತದೆ ಎಂಬ ಭಯ ಅವನಿಗಿತ್ತು. ಬಗ್ಗಿ ಎಂಜಿನ್ನನ್ನು ಎಡಗೈ ಬೆರಳಿನಿಂದ ಮೆಲ್ಲಗೆ ನೂಕಿದ. ಏನೂ ಆಗಿಲ್ಲವೆಂಬಂತೆ ಅದು ಮುಂದೆ ಓಡಿತು.

ಹುಬ್ಬಳ್ಳಿಯಲ್ಲಿ ಗದಗ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಅವನ ಮನೆ. ಮುಂದೆ ಎರಡು ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ಹನ್ನೊಂದು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಹಿತ್ತಲು. ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದು ನಿವೃತ್ತನಾಗಿ ಬಂದ ಮೇಲೆ, ಮೂರು ವರ್ಷ ಹಿಡಿದು, ಆ ಹಿತ್ತಲಿನಲ್ಲಿ ಅವನು ಒಂದು ಸಣ್ಣ ರೈಲುದಾರಿ ಮಾಡಿದ್ದ.

ಮಾಡುವುದು ಸುಲಭವಿರಲಿಲ್ಲ. ಮೊದಲ ವರ್ಷ ಮಣ್ಣಿನ ಮೇಲೆಯೇ ಇಟ್ಟಿಗೆಯ ಸಾಲು ಹಾಕಿ ಅದರ ಮೇಲೆ ಹಳಿ ಕೂಡಿಸಿದ. ಹುಬ್ಬಳ್ಳಿಯ ಎರೆಮಣ್ಣು ಮಳೆಗಾಲದಲ್ಲಿ ನೆನೆದ ಹಿಟ್ಟಿನಂತೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಜುಲೈ ಮುಗಿಯುವಷ್ಟರಲ್ಲಿ ಅವನ ಹಳಿ ಸೊಟ್ಟಾಗಿ ಅಲ್ಲಲ್ಲಿ ಎದ್ದು ನಿಂತಿತ್ತು. ಎರಡನೆಯ ವರ್ಷ ಒಂದೂವರೆ ಅಡಿ ಅಗೆದು, ಕರಿಮಣ್ಣನ್ನೆಲ್ಲ ಹೊರಗೆ ಹೊತ್ತುಹಾಕಿ, ಗರಸು ಮಣ್ಣು ತುಂಬಿ, ನೀರು ಹಾಕಿ ಬಡಿದು ಗಟ್ಟಿ ಮಾಡಿ, ಮೇಲೆ ನಾಲ್ಕು ಬೆರಳು ಕಾಂಕ್ರೀಟ್ ಹಾಕಿದ. ಹಳಿಗೆ ಗುಜರಿಯಿಂದ ತಂದ ಅಲ್ಯೂಮಿನಿಯಂ ಪಟ್ಟಿ. ಅದರ ಅಡಿಗೆ ಬಡಿಗರ ಕಡೆಯಿಂದ ತಂದ ಸಾಗವಾನಿಯ ಚೂರು, ಒಂದೊಂದನ್ನೂ ಎಣ್ಣೆಯಲ್ಲಿ ನೆನೆಸಿ ಒಣಗಿಸಿದ್ದು. ಎರಡು ಪಟ್ಟಿಗಳ ನಡುವಿನ ಅಂತರ ತಪ್ಪದಿರಲೆಂದು ಎರಡು ಕಚ್ಚು ಕೊರೆದ ಕಟ್ಟಿಗೆ ತುಂಡೊಂದನ್ನು ಮಾಡಿಟ್ಟುಕೊಂಡಿದ್ದ. ಗೇಣಿಗೊಮ್ಮೆ ಅದನ್ನು ಇಟ್ಟು ನೋಡದೆ ಒಂದು ಮೊಳೆಯನ್ನೂ ಬಡಿಯುತ್ತಿರಲಿಲ್ಲ. ಖಡಿಯನ್ನು, ಅಂದರೆ ಜಲ್ಲಿಕಲ್ಲನ್ನು, ಜರಡಿ ಹಿಡಿದು, ಕಡಲೆಕಾಳಿಗಿಂತ ಸಣ್ಣದನ್ನಷ್ಟೇ ಹಳಿಯ ನಡುವೆ ತುಂಬಿದ. ಆ ಜರಡಿ ಅವನ ಹೆಂಡತಿ ಗ್ರೇಸಿಯದು. ಮಿಶನ್ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದ ಅವಳಿಗೆ ತಾಳ್ಮೆ ಬಹಳ. ಹೊಸ ಜರಡಿ ತರಿಸಿಕೊಂಡಳು. ತನ್ನ ಪುದೀನದ ಮಡಿ ಭತ್ತದ ಗದ್ದೆಯಾದದ್ದಕ್ಕೂ ಒಪ್ಪಿಕೊಂಡಳು. ಚಟ್ನಿ ಮಾಡುವ ದಿನ ಮಾತ್ರ, ಸುಗ್ಗಿ ಮಾಡಿಕೊಂಡು ಬರುತ್ತೇನೆಂದು ಹೇಳಿ ಹಿತ್ತಲಿಗೆ ಹೋಗುತ್ತಿದ್ದಳು.

ಎಂಜಿನ್ನನ್ನು ಮಾಡಿಕೊಟ್ಟವನು ಪಕ್ಕದ ಮನೆಯ ಶಹಬಾಜ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು. ತಗಡಿನ ಮೈ, ಒಳಗೆ ಬ್ಯಾಟರಿ, ಹಳೆಯ ಡ್ರಿಲ್ ಯಂತ್ರದ ಮೋಟರು. ಅದು ಗೇಟಿನ ಹತ್ತಿರವೇ ಏಕೆ ನಿಲ್ಲುತ್ತದೆಂದು ಅವನು ಮೂರು ಸಲ ಬಿಚ್ಚಿ ನೋಡಿದ್ದ. ತನ್ನ ಮನೆಯ ಅಂಗಳದಲ್ಲಿ ಇಟ್ಟರೆ ತಾಸುಗಟ್ಟಲೆ ಓಡುತ್ತಿತ್ತು. ಕೊನೆಗೆ ಕೈ ಒರೆಸಿಕೊಂಡು, ಈ ರೈಲಿಗೆ ಗೇಟಿನ ಹತ್ತಿರ ಯಾರದೋ ನೆನಪಾಗುತ್ತದೆ ಎಂದು ನಕ್ಕಿದ್ದ. ಇಮ್ಯಾನುಯೆಲ್ ನಗಲಿಲ್ಲ.

ಶಹಬಾಜ ಇನ್ನೊಂದನ್ನೂ ಕೇಳುತ್ತಿದ್ದ. "ದೋಸ್ತ, ಸರಕಾರದವ್ರು ಡಬಲ್ ಲೈನ್ ಮಾಡಿ ಎಷ್ಟ ವರ್ಷಾತು. ನಿಂದು ಇನ್ನೂ ಸಿಂಗಲ್. ನಿನ್ನ ಹಿತ್ತಲಕ್ಕ ಇನ್ನೂ ಮಂಜೂರಿ ಬಂದಿಲ್ಲೇನು?"

ಜಾಗವಿಲ್ಲ ಎನ್ನುತ್ತಿದ್ದ ಇಮ್ಯಾನುಯೆಲ್. ಅದು ಸುಳ್ಳು. ಕಾಂಕ್ರೀಟನ್ನು ಅವನು ಎರಡು ಹಳಿಗಾಗುವಷ್ಟು ಅಗಲವಾಗಿಯೇ ಹಾಕಿದ್ದ. ಎರಡನೆಯ ಹಳಿಗೆ ಬೇಕಾದ ಪಟ್ಟಿ, ಎಣ್ಣೆ ಕುಡಿದ ಸಾಗವಾನಿ ಚೂರು, ಮೊಳೆ, ಎಲ್ಲವೂ ಒಗೆಯುವ ಕಲ್ಲಿನ ಹಿಂದೆ ಒಂದು ತಗಡಿನ ಡಬ್ಬದಲ್ಲಿದ್ದವು. ಆ ಡಬ್ಬವನ್ನು ಅವನು ಎರಡು ವರ್ಷದಿಂದ ತೆರೆದಿರಲಿಲ್ಲ.

ಅವನ ತಂದೆ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಇಮ್ಯಾನುಯೆಲ್ ಇಪ್ಪತ್ತಮೂರಕ್ಕೆ ರೈಲ್ವೆ ಸೇರಿ ಹನ್ನೊಂದು ವರ್ಷ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಇದ್ದ. ಕಾಲಿನ ಮೇಲೆ ಹಳಿ ಬಿದ್ದು ಎರಡು ಬೆರಳು ಹೋದ ಮೇಲೆ ಅವನನ್ನು ಗೇಟಿಗೆ ಹಾಕಿದರು. ಧಾರವಾಡ ದಾಟಿ ಮುಗದದ ಕಡೆಗೆ ಹೋಗುವ ಹಳಿಯ ಮೇಲೆ, ಎರಡೂ ಬದಿಗೆ ಭತ್ತದ ಗದ್ದೆಯಿದ್ದ ಒಂದು ಗೇಟು. ಗಾಡಿ ಬರುವ ಮೊದಲು ಸ್ಟೇಶನ್ ಮಾಸ್ತರನ ಫೋನು ಬರುತ್ತದೆ. ಗೇಟು ಹಾಕಿದ ಮೇಲೆ ಗೇಟ್‌ಮನ್ ತನ್ನ ಹತ್ತಿರ ಇರುವ ಹಾಳೆಯಿಂದ ಒಂದು ನಂಬರು ಓದಿ ಹೇಳಬೇಕು. ಗೇಟು ಹಾಕಿದ್ದಕ್ಕೆ ಗುರುತಾದ ಆ ನಂಬರು ಇಬ್ಬರ ಪುಸ್ತಕದಲ್ಲೂ ಬೀಳುತ್ತದೆ. ಇಮ್ಯಾನುಯೆಲನ ಪುಸ್ತಕದಲ್ಲಿ ಒಂದು ಚಿತ್ತೂ ಇರುತ್ತಿರಲಿಲ್ಲ.

ಗೇಟು ಹಾಕಿದ್ದರೂ ನಡೆದುಹೋಗುವ ಜನ ಕೋಲಿನ ಕೆಳಗೆ ಬಗ್ಗಿ ದಾಟುತ್ತಾರೆ. ಅದು ತಪ್ಪು, ಆದರೆ ಎಲ್ಲ ಕಡೆ ನಡೆಯುವುದೇ. ಅವನ ಗೇಟಿನಲ್ಲಿ ಮಾತ್ರ ಅವನೇ ಕಲಿಸಿದ ಒಂದು ಪದ್ಧತಿ ಇತ್ತು: ಇಮ್ಯಾನುಯೆಲ್ ಕೈ ಮಾಡುವವರೆಗೆ ಯಾರೂ ಬಗ್ಗಬಾರದು. ಗಾಡಿಯ ಕೊನೆಯ ಡಬ್ಬಿ ಹೋಗಬೇಕು, ಅವನು ಗಾರ್ಡಿಗೆ ಹಸಿರು ಬಾವುಟ ತೋರಿಸಬೇಕು, ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಬಲಗೈ ಎತ್ತಿ ಎರಡು ಸಲ ತನ್ನ ಕಡೆಗೆ ಆಡಿಸುತ್ತಿದ್ದ. ಬನ್ನಿ ಎಂದು. ಗೇಟಿನ ಕೋಲು ಮೇಲೇಳಲು ತಡವಾಗುತ್ತದೆ. ತಲೆಯ ಮೇಲೆ ಹೊರೆ ಇದ್ದವರು ಅಷ್ಟು ಹೊತ್ತು ನಿಲ್ಲುವುದು ಏಕೆ ಎಂದು ಅವನು ಹಾಗೆ ಮಾಡಿದ್ದು. ಇಪ್ಪತ್ತೆರಡು ವರ್ಷ ಆ ಕೈಯನ್ನು ಸುತ್ತಲಿನ ಹಳ್ಳಿಯವರು ಸಿಗ್ನಲ್ಲಿಗಿಂತ ಹೆಚ್ಚು ನಂಬಿದ್ದರು. ನಂಬಿದ್ದು ತಪ್ಪಾಗಿರಲಿಲ್ಲ. ಆಗ ಇದ್ದದ್ದು ಒಂದೇ ಹಳಿ. ಒಂದು ಗಾಡಿ ಹೋಯಿತೆಂದರೆ ಹೋಯಿತು.

ಏಳು ವರ್ಷದ ಹಿಂದೆ ಎರಡನೆಯ ಹಳಿ ಬಂತು. ಅದರ ಮೇಲೆ ಗಾಡಿ ಓಡಲು ಶುರುವಾಗಿ ಹನ್ನೊಂದನೆಯ ದಿನ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಧಾರವಾಡದ ಕಡೆಯಿಂದ ಗೂಡ್ಸ್ ಗಾಡಿ ಹೋಯಿತು. ರಸ್ತೆಯ ಬದಿಯ ಕೋಲಿನಾಚೆ ಗುಡ್ಡವ್ವ ನಿಂತಿದ್ದಳು. ದಿನವೂ ಬುಟ್ಟಿ ತುಂಬ ಅವಲಕ್ಕಿ ಹೊತ್ತು ಗೇಟು ದಾಟಿ, ಬಸ್ಸು ಹಿಡಿದು ಧಾರವಾಡದ ಪೇಟೆಗೆ ಹೋಗಿ, ಆ ಹೊತ್ತಿಗೆ ಮರಳುವವಳು. ಗಾಡಿ ಬರುವ ಮೊದಲು ಅವಳು ಆಚೆಯಿಂದ ಅವನಿಗೆ ಏನನ್ನೋ ಕೂಗಿ ಹೇಳಿದ್ದಳು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿ ದಾಟಿತು. ಅವನು ಬಾವುಟ ತೋರಿಸಿದ, ಸುತ್ತಿದ, ಕಂಕುಳಲ್ಲಿ ಇಟ್ಟ, ಬಲಗೈ ಎತ್ತಿ ಎರಡು ಸಲ ಆಡಿಸಿದ. ಗುಡ್ಡವ್ವ ಬಗ್ಗಿದಳು. ಎದುರಿನಿಂದ ಹೊಸ ಹಳಿಯ ಮೇಲೆ ಪ್ಯಾಸೆಂಜರ್ ಬರುತ್ತಿತ್ತು. ಅದು ಬರುವುದು ಅವನಿಗೆ ಗೊತ್ತಿತ್ತು. ಅದಕ್ಕೂ ಅವನು ನಂಬರು ಕೊಟ್ಟಿದ್ದ, ಪುಸ್ತಕದಲ್ಲಿ ಅವನದೇ ಅಕ್ಷರದಲ್ಲಿ ಅದು ಇತ್ತು. ಅವನಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ವಿಚಾರಣೆಗೆ ಬಂದವರು ಗೇಟು ಹಾಕಿತ್ತೇ ಎಂದು ಕೇಳಿದರು. ಹಾಕಿತ್ತು. ನಂಬರು ಕೊಟ್ಟಿದ್ದೆಯೇ ಎಂದು ಕೇಳಿದರು. ಕೊಟ್ಟಿದ್ದ. ಹಾಕಿದ ಗೇಟಿನ ಕೆಳಗೆ ನುಗ್ಗಿದ್ದು ಅವಳದೇ ತಪ್ಪು ಎಂದು ಬರೆದುಕೊಂಡು ಹೋದರು. ಕೈಯ ವಿಷಯ ಯಾರೂ ಕೇಳಲಿಲ್ಲ. ಅವನು ಹೇಳಲಿಲ್ಲ. ಅವಳು ಕೂಗಿ ಹೇಳಿದ ಮಾತನ್ನೂ ಹೇಳಲಿಲ್ಲ, ಏಕೆಂದರೆ ಅದನ್ನು ಹೇಳಿದರೆ ಬೆನ್ನಿಗೇ ಕೈಯ ವಿಷಯವೂ ಬರುತ್ತಿತ್ತು.

ಆದರೆ ಹಳ್ಳಿಯಲ್ಲಿ ಬೇರೆಯ ಮಾತು ಹುಟ್ಟಿತು. ಇಷ್ಟು ವರ್ಷ ದಾಟಿದ ಗೇಟಿನಲ್ಲಿ ಗುಡ್ಡವ್ವ ಗಾಡಿ ನೋಡದೆ ಹೋದಾಳೆ? ಅವಳಾಗಿಯೇ ಹೋಗಿದ್ದಾಳೆ. ಆ ಬೆಳಿಗ್ಗೆ ಮಗಳ ಜೊತೆ ಜಗಳವಾದದ್ದು ಓಣಿಗೆಲ್ಲ ಕೇಳಿಸಿತ್ತು. ಮಗಳು ಶರಣವ್ವನಿಗೆ ಆಗ ಹತ್ತೊಂಬತ್ತು.

ಅಂದಿನಿಂದ ಇಮ್ಯಾನುಯೆಲನಿಗೆ ತನ್ನ ಬಲಗೈಯ ಭಯ. ಅದೇ ಗೇಟಿನಲ್ಲಿ ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದ. ಒಮ್ಮೆಯೂ ಯಾರಿಗೂ ಕೈ ಮಾಡಲಿಲ್ಲ. ಅವನು ನಿವೃತ್ತನಾದ ವರ್ಷ ಗೇಟನ್ನು ಮುಚ್ಚಿ ಹಳಿಯ ಕೆಳಗೆ ದಾರಿ ಮಾಡಿದರು, ಗೇಟಿನ ಮನೆಯನ್ನು ಕೆಡವಿದರು. ಕೈ ಮಾತ್ರ ಉಳಿಯಿತು. ರಸ್ತೆ ದಾಟಲು ನಿಂತ ಮುದುಕಿಯನ್ನು ಕಂಡರೆ ಅದು ತಾನಾಗಿ ಏಳುತ್ತಿತ್ತು. ಹಾಗಾಗಿ ಹೊರಗೆ ಹೋದರೆ ಅದನ್ನು ಕಿಸೆಯಲ್ಲಿ ಇಟ್ಟುಕೊಂಡೇ ನಡೆಯುತ್ತಿದ್ದ. ಚರ್ಚಿನಲ್ಲಿ ಕಾಣಿಕೆಯನ್ನೂ ಎಡಗೈಯಿಂದ ಹಾಕುತ್ತಿದ್ದ. ಗ್ರೇಸಿ ಸಂಧಿವಾತ ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಹಿತ್ತಲಿನ ಗೇಟಿಗೆ ಅವನು ಹೆಬ್ಬೆರಳು ಉದ್ದದ ಗೇಟ್‌ಮನ್ನನ್ನು ಕಟ್ಟಿಗೆಯಲ್ಲಿ ಕೆತ್ತಿದ್ದ. ಬಲಗೈಯಲ್ಲಿ ಬಾವುಟ ಹಿಡಿದು ನೆಟ್ಟಗೆ ನಿಂತವನನ್ನು ಕೆತ್ತಬೇಕೆಂದು ಕೂತರೆ, ಪ್ರತಿ ಸಲವೂ ಮೊಣಕೈ ಮಡಿಚಿ ಅಂಗೈ ಒಳಗೆ ತಿರುಗಿದ ಕೈಯೇ ಚಾಕುವಿನ ಕೆಳಗೆ ಬರುತ್ತಿತ್ತು. ಐದು ಗೊಂಬೆ ಕೆಡಿಸಿದ. ಕೊನೆಗೆ ಬಲಗೈಯಿಲ್ಲದ ಗೇಟ್‌ಮನ್ನನ್ನೇ ನಿಲ್ಲಿಸಿದ. ಗ್ರೇಸಿ ಕೇಳಿದಾಗ, ಕೈಯನ್ನು ಹಕ್ಕಿ ಒಯ್ದಿತು ಎಂದ.

ಅಪಘಾತದ ದಿನ, ಮಗಳು ಬರುವವರೆಗೆ, ಅವನು ತನ್ನ ಕಂಬಳಿಯನ್ನು ಗುಡ್ಡವ್ವನ ಮೇಲೆ ಹೊದಿಸಿ ಪಕ್ಕದಲ್ಲಿಯೇ ಕೂತಿದ್ದ. ಶರಣವ್ವ ಅದನ್ನು ಮರೆಯಲಿಲ್ಲ. ಪ್ರತಿ ವರ್ಷ ಹೊಸ ಭತ್ತ ಬಂದಾಗ ಅವಲಕ್ಕಿ ಕುಟ್ಟಿಸಿಕೊಂಡು ಅವನಿದ್ದಲ್ಲಿಗೆ ತಂದುಕೊಡುತ್ತಿದ್ದಳು, ಮೊದಲು ಗೇಟಿಗೆ, ಆಮೇಲೆ ಹುಬ್ಬಳ್ಳಿಯ ಮನೆಗೆ. ಉಪ್ಪಿನಬೆಟಗೇರಿಯ ದ್ಯಾಮಣ್ಣನನ್ನು ಮದುವೆಯಾದ ಮೇಲೂ ತಪ್ಪಿಸಲಿಲ್ಲ. ಕಾಕಾ ಎನ್ನುತ್ತಿದ್ದಳು. ಅವಳು ಹೋದ ಮೇಲೆ ಇಮ್ಯಾನುಯೆಲ್ ಎರಡು ದಿನ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಈ ವರ್ಷ ಡಿಸೆಂಬರ್ ಮೊದಲ ವಾರದ ಒಂದು ಗುರುವಾರ ಅವಳು ಬಂದಾಗ ಬಗಲಲ್ಲಿ ಎರಡೂವರೆ ತಿಂಗಳ ಹೆಣ್ಣು ಕೂಸಿತ್ತು. ಕೂಸನ್ನು ಗ್ರೇಸಿಯ ಕೈಗೆ ಕೊಟ್ಟು, ಅವಲಕ್ಕಿಯ ಚೀಲ ಇಳಿಸಿ, ಸೀರೆಯ ಸೆರಗಿನ ಗಂಟಿನಿಂದ ಕಾಗದ ಸುತ್ತಿದ ಏನನ್ನೋ ತೆಗೆದಳು. ಮಣ್ಣಿನ ಗೊಂಬೆ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು, ಹೆಬ್ಬೆರಳಿನಷ್ಟು. ಮುಗದದಲ್ಲಿ ಗುರುತಿನ ಒಬ್ಬ ಮುದುಕಿಯಿಂದ ಮಾಡಿಸಿದ್ದಳಂತೆ.

"ನಿಮ್ಮ ರೈಲಿಗೆ ಕಾಕಾ," ಎಂದಳು. "ಅವ್ವ ಎಲ್ಲಿ ನಿಂದರ್ತಿದ್ಲು ನಿಮಗ ಗೊತ್ತೈತೆಲ್ಲ. ಅಲ್ಲೇ ಇಡ್ರಿ."

ಇಮ್ಯಾನುಯೆಲ್ ಗೊಂಬೆಯನ್ನು ಗೇಟಿನ ರಸ್ತೆಯ ಬದಿಗೆ, ಕೋಲಿನಾಚೆ ಇಟ್ಟ. ಇಡುವಾಗ ಒಮ್ಮೆ ಬಿತ್ತು, ಎತ್ತಿ ನಿಲ್ಲಿಸಿದ. ಶರಣವ್ವ ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತನ್ನ ತಾಪತ್ರಯ ಹೇಳಿದಳು. ಸೋಮವಾರ ಕೂಸಿಗೆ ತೊಟ್ಟಿಲು. ಹೋದ ಅಜ್ಜಿಯ ಹೆಸರು ಇಡುವುದು ತಮ್ಮಲ್ಲಿ ರೂಢಿ. ಅವಳಿಗೂ ಆಸೆ. ಆದರೆ ಅತ್ತೆ ಮಾವ ಬೇಡ ಎನ್ನುತ್ತಾರೆ. ತಾನಾಗಿ ಜೀವ ಕಳೆದುಕೊಂಡವಳ ಹೆಸರನ್ನು ಕೂಸಿನ ಮೇಲೆ ಹಾಕಬಾರದು, ಅದು ಕೂಸಿನ ಬೆನ್ನು ಹತ್ತುತ್ತದೆ ಎನ್ನುತ್ತಾರೆ. ದ್ಯಾಮಣ್ಣ ನಡುವೆ ಸಿಕ್ಕಿಕೊಂಡಿದ್ದಾನೆ. ಅವಳು ಜಗಳವಾಡುತ್ತಿದ್ದಳು, ಆದರೆ ಏನೆಂದು ಜಗಳವಾಡಬೇಕು? ಅವ್ವ ಹೇಗೆ ಹೋದಳೆಂದು ತನಗೇ ಗೊತ್ತಿಲ್ಲ.

ಅವಳು ಗೊಂಬೆಯನ್ನೇ ನೋಡುತ್ತ ಕೇಳಿದಳು. "ಕಾಕಾ, ನೀವೊಬ್ಬರ ಅಲ್ಲಿದ್ದವ್ರು. ಆಕಿ ತಾನಾಗೇ ಹ್ವಾದ್ಲೋ, ತಪ್ಪಿ ಹ್ವಾದ್ಲೋ? ಆವತ್ತ ಮುಂಜಾನಿ ನಾ ಅಂದಿದ್ದೆ ರಿ ಆಕಿಗೆ. ನೀ ಸತ್ರ ನನಗ ಬಿಡುಗಡಿ ಅಂತ."

ಇಮ್ಯಾನುಯೆಲನ ಬಾಯಿಯವರೆಗೆ ಮಾತು ಬಂತು.

"ನಾ ನೋಡ್ಲಿಲ್ಲವ್ವ," ಎಂದ. "ಗಾರ್ಡಗ ಬಾವುಟ ತೋರ್ಸಾಕತ್ತಿದ್ದೆ."

"ಹೌದ್ರಿ. ನಿಮ್ಮ ಕೆಲಸ ನೀವು ಮಾಡಾಕತ್ತಿದ್ರಿ," ಎಂದಳು ಶರಣವ್ವ. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಭಾನುವಾರ ತೊಟ್ಟಿಲಿನ ಸಾಮಾನಿಗೆಂದು ಗಂಡನ ಜೊತೆ ಹುಬ್ಬಳ್ಳಿಗೆ ಬರುತ್ತೇನೆ, ಅವನಿಗೂ ರೈಲು ತೋರಿಸಿ ಎಂದು ಹೇಳಿ ಹೋದಳು.

ಆ ಸಂಜೆ ರೈಲು ಗೇಟು ದಾಟಿ ನಿಂತಿತು. ನೂಕಲು ಬಗ್ಗಿದ ಇಮ್ಯಾನುಯೆಲನಿಗೆ ಮಣ್ಣಿನ ಗೊಂಬೆ ತಾನು ಇಟ್ಟಲ್ಲಿ ಇಲ್ಲವೆನ್ನಿಸಿತು. ಅರ್ಧ ಬೆರಳು ಮುಂದೆ ಬಂದಿತ್ತು. ಹಿಂದಕ್ಕೆ ಇಟ್ಟ. ಶುಕ್ರವಾರ ಅದು ಕೋಲಿನ ಹತ್ತಿರ ಬಂದಿತ್ತು. ಗ್ರೇಸಿಯನ್ನು ಕೇಳಿದರೆ ಮುಟ್ಟಿಲ್ಲ ಎಂದಳು. ಗೋಡೆಯ ಮೇಲಿನಿಂದ ನೋಡಿದ ಶಹಬಾಜ, ಗಾಡಿ ಓಡುವಾಗ ಕಾಂಕ್ರೀಟು ಅದುರುತ್ತದೆ, ಹಗುರ ಗೊಂಬೆ ಸರಿಯುತ್ತದೆ ಎಂದ. ಸರಿಯೇ. ಆದರೆ ಹಿಂದಕ್ಕೂ ಸರಿಯಬಹುದಿತ್ತು, ಪಕ್ಕಕ್ಕೂ ಸರಿಯಬಹುದಿತ್ತು. ಅದು ಕೈಯಿಲ್ಲದ ಗೇಟ್‌ಮನ್ನನ ಮುಖ ನೋಡುತ್ತ ನೆಟ್ಟಗೆ ಬರುತ್ತಿತ್ತು.

ಶನಿವಾರ ಗ್ರೇಸಿ ಅಡುಗೆಮನೆಯಲ್ಲಿ ಕ್ರಿಸ್‌ಮಸ್ಸಿಗೆಂದು ಕರ್ಚಿಕಾಯಿ ಕರಿಯುತ್ತಿದ್ದಳು. ಹಿತ್ತಲಿನ ಬಾಗಿಲು ತೆರೆದಿತ್ತು. ರೈಲು ಓಡುವ ಸದ್ದು ಬಂತು, ನಿಂತಿತು. ಇಮ್ಯಾನುಯೆಲ್ ನೋಡಿದ. ಗೊಂಬೆ ಕೋಲಿನ ಕೆಳಗೆ ನುಸುಳಿ ಹಳಿಗೆ ಒಂದು ಬೆರಳು ದೂರದಲ್ಲಿತ್ತು. ಅವನ ಬಾಯಿಂದ ಮಾತು ತಾನಾಗಿ ಬಂತು.

"ನಿಂದ್ರವ್ವ. ಇನ್ನೊಂದು ಗಾಡಿ ಐತಿ."

"ಯಾವ ಇನ್ನೊಂದು ಗಾಡಿ ರಿ?" ಎಂದಳು ಬಾಗಿಲಲ್ಲಿ ನಿಂತ ಗ್ರೇಸಿ. ಕರಿಯುವ ಜಾಲರಿ ಸೌಟು ಇನ್ನೂ ಕೈಯಲ್ಲಿತ್ತು.

ಅವನು ಅವಳ ಕಡೆ ನೋಡದೆ, ಒಗೆಯುವ ಕಲ್ಲಿನ ಮೇಲೆ ಕೂತು, ಎಲ್ಲ ಹೇಳಿದ. ಹೊಸ ಹಳಿ, ಹನ್ನೊಂದನೆಯ ದಿನ, ಕೈ. ಒಲೆಯ ಮೇಲಿನ ಎಣ್ಣೆ ಹೊಗೆಯಾಡಿತು. ಗ್ರೇಸಿ ಒಳಗೆ ಹೋಗಿ ಒಲೆ ಆರಿಸಿ ಬಂದಳು. ಗುರುವಾರ ಬಂದ ಅವಲಕ್ಕಿಯ ಚೀಲ ಬಾಗಿಲ ಸಂದಿಯಲ್ಲಿ, ಕಟ್ಟಿದ ಬಾಯಿ ಕಟ್ಟಿದಂತೆಯೇ ಇತ್ತು. ಅದನ್ನು ನೋಡಿದಳು.

"ಏಳು ವರ್ಷ ಆ ಹುಡುಗಿ ತಂದ ಅವಲಕ್ಕಿ ತಿಂದೇವಿ," ಎಂದಳು. "ನನಗ ಗೊತ್ತಿಲ್ದಂಗ ನನಗೂ ತಿನ್ಸೀರಿ."

ಅಷ್ಟೇ. ಆಮೇಲೆ ಒಗೆಯುವ ಕಲ್ಲಿನ ಹಿಂದಿನಿಂದ ತಗಡಿನ ಡಬ್ಬವನ್ನು ಎಳೆದು ಅವನ ಮುಂದೆ ಇಟ್ಟು ಒಳಗೆ ಹೋದಳು. ಅದರಲ್ಲಿ ಏನಿದೆಯೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಏಕೆ ಇದೆಯೆಂದು ಮಾತ್ರ ಗೊತ್ತಿರಲಿಲ್ಲ.

ಬೆಳಕು ಇರುವವರೆಗೆ, ಮತ್ತೆ ಭಾನುವಾರ ಗ್ರೇಸಿ ಒಬ್ಬಳೇ ಚರ್ಚಿಗೆ ಹೋಗಿ ಬರುವವರೆಗೆ, ಇಮ್ಯಾನುಯೆಲ್ ಹಳಿ ಕೂಡಿಸಿದ. ಗೇಟಿನ ಆಚೆ ಮೂರು ಅಡಿ, ಈಚೆ ಮೂರು ಅಡಿ. ಗೇಣಿಗೊಮ್ಮೆ ಕಟ್ಟಿಗೆ ತುಂಡು ಇಟ್ಟು ಅಂತರ ನೋಡಿದ, ಖಡಿ ತುಂಬಿದ. ಎರಡನೆಯ ಎಂಜಿನ್ ಇರಲಿಲ್ಲ. ಎರಡು ಡಬ್ಬಿಗಳನ್ನು ಜೋಡಿಸಿ ಇಟ್ಟ. ಆಮೇಲೆ ಚಾಕು ತೆಗೆದುಕೊಂಡು ಗೇಟ್‌ಮನ್ನನಿಗೆ ಒಂದು ಕೈ ಕೆತ್ತಿದ. ಈ ಸಲ ಕೈ ತನ್ನಿಷ್ಟದಂತೆ ಬರಲು ಬಿಟ್ಟ. ಮೊಣಕೈ ಮಡಿಚಿ, ಅಂಗೈ ಒಳಗೆ ತಿರುಗಿ, ಅದು ಒಂದೇ ಸಲಕ್ಕೆ ಬಂತು. ಅಂಟು ಹಚ್ಚಿ ಭುಜಕ್ಕೆ ಕೂಡಿಸಿದ.

ಮೂರೂವರೆಗೆ ಅವರು ಬಂದರು. ದ್ಯಾಮಣ್ಣ ದೊಡ್ಡ ಮೈಯ, ನಗುಮುಖದ ಮನುಷ್ಯ. ಕೂಸಿನ ತೊಟ್ಟಿಲಿನ ಬಣ್ಣದ ಹಗ್ಗ ಹೆಗಲ ಮೇಲಿತ್ತು. ಹಿತ್ತಲಿಗೆ ಬಂದವನೇ ಟಿಕೀಟು ಎಲ್ಲಿ ಕೊಡುತ್ತಾರೆಂದು ಕೇಳಿದ, ಪುದೀನದ ಗದ್ದೆ ನೋಡಿ ಈ ವರ್ಷ ಇಳುವರಿ ಹೇಗೆ ಎಂದ. ಗ್ರೇಸಿ ನಗಲಿಲ್ಲ. ಅದನ್ನು ಕಂಡು ಅವನೂ ಸುಮ್ಮನಾದ. ಶರಣವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು, ಗೇಟಿನ ಹತ್ತಿರ ಬಗ್ಗಿ, ಹೊಸ ಹಳಿ ಯಾವಾಗ ಹಾಕಿದಿರಿ ಎಂದಳು.

"ಕುಂದರವ್ವ," ಎಂದ ಇಮ್ಯಾನುಯೆಲ್. "ಗುರುವಾರ ನೀ ಕೇಳಿದ್ದಕ್ಕ ನಾ ಸುಳ್ಳ ಹೇಳೀನಿ."

ಅವನು ಎಂಜಿನ್ನಿನ ಗುಂಡಿ ಒತ್ತಿದ. ರೈಲು ಕರಿಬೇವಿನ ಕಡೆಯಿಂದ ಬಂತು, ಗೇಟು ದಾಟಿತು, ಒಂದು ಗೇಣು ಮುಂದೆ ಹೋಗಿ ನಿಂತಿತು. ಇದು ಗೂಡ್ಸು ಎಂದ. ಇಲ್ಲಿ ನಾನು ಎಂದು ಕಟ್ಟಿಗೆಯ ಗೊಂಬೆಯನ್ನು ಮುಟ್ಟಿದ. ಗಾಡಿ ಹೋದ ಮೇಲೆ ನಾನು ಕೈ ಮಾಡುತ್ತಿದ್ದೆ, ನೀನೂ ಎಷ್ಟೋ ಸಲ ದಾಟಿದ್ದೀ ಎಂದ. ಶರಣವ್ವ ಹೌದೆಂದು ತಲೆಯಾಡಿಸಿದಳು. ಆಗ ಅವನು ಮಣ್ಣಿನ ಗೊಂಬೆಯನ್ನು ಕೋಲಿನ ಕೆಳಗಿನಿಂದ ಮೊದಲ ಹಳಿ ದಾಟಿಸಿ, ಎರಡನೆಯ ಹಳಿಯ ಹತ್ತಿರ ತಂದ. ಏಳು ವರ್ಷ ಕಿಸೆಯಲ್ಲಿದ್ದ ಬಲಗೈಯಿಂದಲೇ ಎರಡು ಡಬ್ಬಿಗಳನ್ನು ಎದುರಿನಿಂದ ನೂಕಿಕೊಂಡು ಬಂದ, ನಿಂತ ರೈಲಿನ ಮರೆಯಿಂದ. ಗೊಂಬೆಗೆ ತಾಗುವ ಮೊದಲು ಕೈ ನಿಂತಿತು. ಮುಂದೆ ಹೋಗಲಿಲ್ಲ.

"ನಾ ಕರದೆ, ಆಕಿ ಬಂದ್ಲು," ಎಂದ. "ಇಪ್ಪತ್ತೆರಡು ವರ್ಷದ ರೂಢಿ, ಕೈ ತಾನಾಗೇ ಎದ್ದಿತ್ತವ್ವ. ಆಕಿ ಸಾಯಾಕ ಬಂದಿದ್ದಿಲ್ಲ. ಗಾಡಿ ಬರೂಕಿಂತ ಮೊದಲ ಆಚೆ ನಿಂತು ನನಗ ಒದರಿ ಹೇಳಿದ್ಲು. ಅಣ್ಣಾರ, ಲಗೂ ಬಿಡ್ರಿ, ಮಗಳು ಸಿಟ್ಟಾಗ್ಯಾಳ, ಆಕೀಗೆ ಮಿರ್ಚಿ ಭಜಿ ತಂದೇನಿ, ಆರಿದ್ರ ತಿನ್ನೂದಿಲ್ಲ ಆಕಿ ಅಂತ. ಗೂಡ್ಸ್ ಹೋದ ಮ್ಯಾಲ ನಾ ಎಂದಿನಂಗ ಕೈ ಮಾಡಿದೆ."

ಶರಣವ್ವ ಅಳಲಿಲ್ಲ. ಅವಳ ಮುಖ ಖಾಲಿಯಾಗಿತ್ತು.

"ನಕ್ಕಿದ್ಲೇನು?" ಎಂದು ಕೇಳಿದಳು.

"ನಕ್ಕಿದ್ಲವ್ವ. ಬುಟ್ಟಿ ಇಳಿಸಿ, ಪೊಟ್ಟಣ ಎತ್ತಿ ತೋರಿಸಿದ್ಲು."

ಅವಳು ಕೈ ಚಾಚಿ ಮಣ್ಣಿನ ಗೊಂಬೆಯನ್ನು ಎರಡು ಹಳಿಗಳ ನಡುವಿನಿಂದ ಎತ್ತಿಕೊಂಡಳು. ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದಳು. ಒಂದು ಗಂಟಿನ ಮೇಲೆ ಇನ್ನೊಂದು, ಅದರ ಮೇಲೆ ಇನ್ನೊಂದು. ದ್ಯಾಮಣ್ಣ ಮೊದಲು ಬಾಯಿ ತೆರೆದ. ಇದನ್ನು ನಮ್ಮಪ್ಪನ ಮುಂದೆ ಬಂದು ಹೇಳುತ್ತೀರಾ ಎಂದು ಕೇಳಿದ. ಇಮ್ಯಾನುಯೆಲ್ ಈಗಲೇ ಬರುತ್ತೇನೆಂದು ಎದ್ದುನಿಂತ.

"ಬ್ಯಾಡ," ಎಂದಳು ಶರಣವ್ವ ಗಂಡನಿಗೆ. "ನೀವು ಕೇಳೀರಲ್ಲ, ನೀವ ಹೇಳ್ರಿ. ಅವರು ನಮ್ಮನಿಗೆ ಬರೂದು ಬ್ಯಾಡ."

ಕಾಕಾ ಎನ್ನಲಿಲ್ಲ. ಬಾಗಿಲು ದಾಟುವಾಗ ಗ್ರೇಸಿಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಅವನ ಕಡೆ ತಿರುಗಿ ನೋಡಲಿಲ್ಲ.

ಸೋಮವಾರವಿಡೀ ಇಮ್ಯಾನುಯೆಲ್ ಮುಂಬಾಗಿಲಿನಲ್ಲಿ ಕೂತಿದ್ದ. ಯಾರೂ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ದ್ಯಾಮಣ್ಣ ಬಂದ. ಮೆಣಸಿನಕಾಯಿ ಹೇರಿಕೊಂಡು ಮಾರುಕಟ್ಟೆಗೆ ಬಂದಿದ್ದನಂತೆ. ಗ್ರೇಸಿ ಕುರ್ಚಿ ಹಾಕಿದರೂ ಕೂರಲಿಲ್ಲ, ನೀರು ಮಾತ್ರ ಕುಡಿದ. ಪೇಪರಿನಲ್ಲಿ ಕಟ್ಟಿದ ಗುಗ್ಗರಿಯನ್ನು ಕಟ್ಟೆಯ ಮೇಲೆ ಇಟ್ಟ. ತೊಟ್ಟಿಲಿಗೆ ಬಂದವರಿಗೆ ಹಂಚಿದ ಕಡಲೆ ಗುಗ್ಗರಿ.

"ಗುಡ್ಡವ್ವ ಅಂತ ಇಟ್ಟೀವ್ರಿ," ಎಂದ. "ನಮ್ಮಪ್ಪ ಮೂರು ಸಲ ಕೂಸಿನ ಕಿವ್ಯಾಗ ಕರದ. ಇದನ್ನ ಆಕಿ ಕೊಟ್ಟಿದ್ದಲ್ರಿ, ನಾನ ತಂದೇನಿ. ಆಕಿ ಭಾನುವಾರದಿಂದ ಮಾತಾಡಿಲ್ಲ. ಆದ್ರ ನಿನ್ನೆ ಮಿರ್ಚಿ ಭಜಿ ಕರದು ಓಣಿಗೆಲ್ಲ ಹಂಚಿದ್ಲು."

ಅವನು ಹೋದ ಮೇಲೆ ಗ್ರೇಸಿ ಗುಗ್ಗರಿಯ ಪೊಟ್ಟಣ ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು, ಉಳಿದದ್ದನ್ನು ಗಂಡನ ಮುಂದೆ ಸರಿಸಿದಳು. ಅವಲಕ್ಕಿಯ ಚೀಲ ಬಾಗಿಲ ಸಂದಿಯಲ್ಲಿಯೇ ಇತ್ತು. ಬಿಚ್ಚಲು ಇಬ್ಬರಿಗೂ ಮನಸ್ಸಿಲ್ಲ, ಬೇರೆಯವರಿಗೆ ಕೊಡಲೂ ಮನಸ್ಸಿಲ್ಲ.

ಇಮ್ಯಾನುಯೆಲ್ ಹಿತ್ತಲಿಗೆ ಹೋಗಿ ರೈಲು ಬಿಟ್ಟ. ಅದು ಒಗೆಯುವ ಕಲ್ಲನ್ನು ಬಳಸಿತು, ಗದ್ದೆ ದಾಟಿತು, ಗೇಟು ದಾಟಿತು, ನಿಂತಿತು. ಅವನು ಗಡಿಯಾರ ನೋಡಿದ. ನಾಲ್ಕು ಗಂಟೆ ಹತ್ತು ನಿಮಿಷ. ಈ ಸಲ ಎಂಜಿನ್ನನ್ನು ನೂಕಲಿಲ್ಲ. ಬಲಗೈಯಿಂದ ಎರಡನೆಯ ಹಳಿಯ ಡಬ್ಬಿಗಳನ್ನು ಆ ತುದಿಯಿಂದ ಈ ತುದಿಯವರೆಗೆ ಪೂರ್ತಿ ದಾಟಿಸಿದ. ದಾಟಿಸಿ ಕಾದ. ಕಟ್ಟಿಗೆಯ ಗೇಟ್‌ಮನ್ ಕೈ ಎತ್ತಿ ಆಚೆಯವರನ್ನು ಕರೆಯುತ್ತಲೇ ಇದ್ದ. ಆಚೆ ಯಾರೂ ಇರಲಿಲ್ಲ. ಗೊಂಬೆ ನಿಂತಿದ್ದಲ್ಲಿಂದ ಹಳಿಯವರೆಗೆ, ಅದು ಸರಿದುಬಂದ ದಾರಿಯುದ್ದಕ್ಕೂ, ಕಾಂಕ್ರೀಟಿನ ಮೇಲೆ ತೆಳ್ಳಗೆ ಕೆಂಪು ಮಣ್ಣಿನ ಗೆರೆ ಇತ್ತು. ಮರುದಿನ ಕಸ ಹೊಡೆಯಲು ಬಂದ ಗ್ರೇಸಿ ಅದನ್ನು ಬಿಟ್ಟು, ಅದರ ಆಚೆ ಈಚೆ ಮಾತ್ರ ಗುಡಿಸಿದಳು.